ಹಡಗು ತಪ್ಪಿಸಿಕೊಂಡ ಕುಂಡಗಳು

ಜರಗನಹಳ್ಳಿಯಲ್ಲಿ ಮಾವನವರ ರಾಗಿ ಹೊಲವಿದ್ದ ಜಾಗದಲ್ಲೇ ಹೇಮಶ್ರೀಯ ಶೆಡ್ಡು. ಅಲ್ಲಿ ಅವಳು ಸಿಮೆಂಟಿನ ಹೂಕುಂಡ ಮಾಡಿಸುತ್ತಾಳೆ. ಮೊದಲ ಸಲ ಹೊರದೇಶದ ಆರ್ಡರ್ ಬಂದಿತ್ತು, ದೂರದ ಪುಟ್ಟ ದ್ವೀಪದ ಹೋಟೆಲಿನಿಂದ. ಕಂಟೇನರ್ ಲಾರಿ ಬಂದು ನಿಂತಿತ್ತು. ಕುಂಡ ತುಂಬಿದ ಮರದ ಪೆಟ್ಟಿಗೆಗಳು ಅರ್ಧ ಏರಿದ್ದವು.

ಆಗ ಒಂದು ಪೆಟ್ಟಿಗೆಯ ತಳದಿಂದ ಹಳದಿ ಇರುವೆಗಳು ಹೊರಬಿದ್ದವು. ಉದ್ದ ಕಾಲು, ದಿಕ್ಕುದೆಸೆಯಿಲ್ಲದ ಓಟ. ಪ್ರಾಣಿಶಾಸ್ತ್ರ ಓದಿದ್ದ ಹೇಮಶ್ರೀಗೆ ಗುರುತು ಹತ್ತಲು ತಡವಾಗಲಿಲ್ಲ.

"ಲೋಡಿಂಗ್ ನಿಲ್ಸಿ. ಹತ್ತಿಸಿರೋದನ್ನೂ ಇಳಿಸಿ."

ಮಾವ ತಿಮ್ಮರಾಯಪ್ಪ ಕುರ್ಚಿಯಿಂದ ಎದ್ದು ಬಂದರು. "ಏನಮ್ಮಾ, ಇರುವೆಗೆ ಹೆದರ್ಕೊಂಡು ಹಡಗು ತಪ್ಪಿಸ್ಕೋತೀಯಾ? ಸ್ಪ್ರೇ ಹೊಡ್ದು ಕಳ್ಸು."

"ಸ್ಪ್ರೇಗೆ ಮೇಲಿರೋವು ಸಾಯ್ತವೆ ಮಾವ, ರಾಣಿಗಳು ಒಳಗೇ ಉಳ್ಕೋತವೆ. ಇಂಥವೇ ಒಂದು ದ್ವೀಪಕ್ಕೆ ಹೋಗಿ ಕೋಟಿಗಟ್ಲೆ ಏಡಿ ಸಾಯ್ಸಿವೆ. ಏಡಿ ಕಣ್ಣಿಗೆ ಆಸಿಡ್ ಉಗಿದು ಕೊಲ್ತವೆ."

"ಇಲ್ಲಿ ನಾವು ಇವುಗಳ ಜೊತೆ ಬದುಕಿಲ್ವಾ?"

"ಇಲ್ಲಿ ಇವನ್ನ ತಡೆಯೋ ಬೇರೆ ಇರುವೆಗಳಿವೆ. ಅಲ್ಲಿ ತಡೆಯೋರು ಯಾರೂ ಇಲ್ಲ."

ನಿಂತಲ್ಲೇ ಹೋಟೆಲಿಗೆ ಫೋನ್ ಮಾಡಿದಳು. ಅಲ್ಲಿನ ತೋಟದ ಉಸ್ತುವಾರಿ ಸಂಘಮಿತ್ರಾ, ಮೈಸೂರಿನವಳು. ವಿಷಯ ಕೇಳಿ ಮೊದಲು ರೇಗಿದಳು. ಹೇಮಶ್ರೀ ಇರುವೆಯ ಫೋಟೋ ಕಳಿಸಿದ ಮೇಲೆ ಅವಳ ದನಿ ಬದಲಾಯಿತು.

"ಇದು ಇಲ್ಲಿಗೆ ಬರೋದೇ ಬೇಡ. ಮುಂದಿನ ಹಡಗಿಗೆ ಕಾಯ್ತೀನಿ. ಆದ್ರೆ ಒಂದೂ ಇರಬಾರ್ದು."

"ಇರಲ್ಲ," ಎಂದಳು ಹೇಮಶ್ರೀ.

ಗೋಡೆಯುದ್ದಕ್ಕೂ ಬೆಲ್ಲದ ಚೂರಿಟ್ಟು ಕಾದಳು. ಚೂರು ಹೊತ್ತ ಇರುವೆಗಳ ಸಾಲು ಶೆಡ್ಡಿನ ಹಿಂದಿನ ತೆಂಗಿನ ಸಿಪ್ಪೆಯ ರಾಶಿಗೆ ಹೋಗಿ ನಿಂತಿತು. ಪೆಟ್ಟಿಗೆಗಳನ್ನು ಒರಗಿಸಿಟ್ಟಿದ್ದು ಅಲ್ಲೇ. ಬೆಲ್ಲದ ನೀರಿಗೆ ಚಿಟಿಕೆ ಬಿಳಿಗಾರ, ಅಂದರೆ ಬೋರಾಕ್ಸ್ ಪುಡಿ, ಬೆರೆಸಿ, ಬಾಟಲಿ ಮುಚ್ಚಳಗಳಲ್ಲಿ ಸುತ್ತ ಇಟ್ಟಳು. ಇರುವೆಗಳು ಅದನ್ನು ಕುಡಿದು, ಸಾಯುವ ಮೊದಲು ತಾವೇ ಗೂಡಿಗೊಯ್ದು ರಾಣಿಗಳಿಗೆ ಉಣಿಸುತ್ತವೆ. ಓಡಾಟ ನಿಂತ ಮೇಲೆ ತಿಮ್ಮರಾಯಪ್ಪನವರೇ ಪಂಚೆ ಎತ್ತಿ ಕಟ್ಟಿ, ಗುದ್ದಲಿ ಹಿಡಿದು ರಾಶಿ ಕೆದಕಿದರು. ಅದರೊಳಗಿನ ಸತ್ತ ರಾಣಿಗಳನ್ನು ಅಂಗೈಯಲ್ಲಿಟ್ಟು ನೋಡಿ, "ಇಷ್ಟೊಂದಾ!" ಎಂದರು.

ಮರದೊಳಗೆ ಉಳಿದವೂ ಸಾಯಲೆಂದು ಪೆಟ್ಟಿಗೆಗಳನ್ನು ಬಿಸಿಗಾಳಿಯ ಕೋಣೆಯಲ್ಲಿಟ್ಟು ಕಾಯಿಸಿ, ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಜೋಡಿಸಿದರು. ಮುಂದಿನ ಹಡಗಿನ ಹೊತ್ತಿಗೆ ಬೆಲ್ಲ ಇಟ್ಟರೂ ಮೂಸುವವರಿರಲಿಲ್ಲ. ದ್ವೀಪದ ಬಂದರಿನವರು ಪೆಟ್ಟಿಗೆ ಪೆಟ್ಟಿಗೆ ಬಿಚ್ಚಿ ನೋಡಿ ಒಳಗೆ ಬಿಟ್ಟರು. ಸಂಘಮಿತ್ರಾ ಇನ್ನಷ್ಟು ಕುಂಡ ಕೇಳಿದಳು.

ಹೊಸ ಪೆಟ್ಟಿಗೆ ತಂದ ಟೆಂಪೊದವನು ಅವನ್ನು ಮಣ್ಣಿನ ಮೇಲೆ ಇಳಿಸಲು ಹೊರಟಾಗ, ಹೇಮಶ್ರೀಗಿಂತ ಮೊದಲು ತಿಮ್ಮರಾಯಪ್ಪನವರೇ ಕೂಗಿದರು:

"ಏಯ್, ನೆಲಕ್ಕಿಡ್ಬೇಡಪ್ಪಾ! ತಟ್ಟಿ, ನೋಡಿ, ಸ್ಟ್ಯಾಂಡ್ ಮೇಲಿಡು. ಫಾರಿನ್‌ಗೆ ಹೋಗೋ ಮಾಲು!"