ಬೂತಾಯಿಗೆ ಸಿಕ್ಕ ರಜೆ

ಕಡಲಾಚೆಯ ದೇಶವೊಂದರ ಸಫಿ ಎಂಬ ಊರಿನಲ್ಲಿ, ಬಂದರಿನ ಹಿಂದಿನ ಓಣಿಯಲ್ಲಿ ಯಮ್ನಾಳ ಮನೆ. ಬೂತಾಯಿ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಅವಳದು ಬಹಳ ವರ್ಷಗಳ ದುಡಿಮೆ. ದೋಣಿಗಳು ದಡ ಮುಟ್ಟಿದರೆ ಸಾಕು, ಕಾರ್ಖಾನೆಯ ವ್ಯಾನು ಓಣಿಯ ತುದಿಗೆ ಬಂದು ಹಾರ್ನ್ ಹೊಡೆಯುತ್ತದೆ. ಒಲೆಯ ಮೇಲೆ ಏನೇ ಇರಲಿ, ಇಳಿಸಿ ಓಡಬೇಕು. ನಿಂಬೆಹಣ್ಣು ಎಷ್ಟು ತಿಕ್ಕಿದರೂ ಕೈಯ ವಾಸನೆ ಹೋಗುವುದಿಲ್ಲ. ಅದನ್ನೆಲ್ಲ ಯಮ್ನಾ ಗೊಣಗದೆ ನಡೆಸಿಕೊಂಡು ಬಂದಿದ್ದಳು. ಆದರೆ ಆ ವಸಂತದಲ್ಲಿ ಒಂದು ಚಿಂತೆ ಅವಳನ್ನು ಕೊರೆಯುತ್ತಿತ್ತು.

ಕಿರಿಮಗಳು ಇಕ್ರಾಮ್ ದೂರದ ತಾರೂದಾಂತ್‌ನಲ್ಲಿ ಗಂಡನ ಮನೆಯಲ್ಲಿದ್ದಳು. ತುಂಬಿದ ಬಸುರಿ, ಚೊಚ್ಚಲ ಹೆರಿಗೆ. ಹೆತ್ತ ಮಗಳಿಗೆ ತಾಯಿಯಾದವಳು ರಫೀಸಾ ಮಾಡಿ ಉಣಿಸಬೇಕು. ಮೆಂತ್ಯ, ಬೇಳೆ ಹಾಕಿ ಬೇಯಿಸಿದ ಕೋಳಿಯನ್ನು ಹರಿದ ರೊಟ್ಟಿಯ ಮೇಲೆ ಸುರಿದು ಕೊಡುವ ಆ ಊಟ ಬಾಣಂತಿಯ ಮೈಗೆ ಬಲ. ಹಿರಿಮಗಳ ಹೆರಿಗೆಗೆ ಯಮ್ನಾಳಿಗೆ ಹೋಗಲಾಗಿರಲಿಲ್ಲ, ಪಕ್ಕದ ಮನೆಯವಳು ಮಾಡಿ ಹಾಕಿದ್ದಳು. ಆ ಮಾತು ಬಂದರೆ ಹಿರಿಮಗಳು ಇಂದಿಗೂ ಮುಖ ತಿರುಗಿಸುತ್ತಾಳೆ. ಈ ಸಲವೂ ಹಾಗಾದರೆ ತಾನು ಎಂಥ ತಾಯಿ ಎಂದು ಯಮ್ನಾ ದಿನವೂ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು.

ಒಂದು ಸಂಜೆ ಝುಹೂರ್ ಮನೆಗೆ ಬಂದಳು. ಅವಳೂ ಅದೇ ಕಾರ್ಖಾನೆಯವಳು. ಹೆಂಗಸರೆಲ್ಲ ಸೇರಿ ಅವಳನ್ನು ತಮ್ಮ ಪ್ರತಿನಿಧಿಯಾಗಿ ಆರಿಸಿದ್ದರು. ಯಮ್ನಾಳ ಗಂಡ ಮಿಲೂದ್ ಬಾಗಿಲಲ್ಲಿ ಕೂತು ಬಲೆ ಹೆಣೆಯುತ್ತಿದ್ದ. ಯಮ್ನಾ ಪುದೀನಾ ಚಹಾ ಬಗ್ಗಿಸುತ್ತಾ ತನ್ನ ಗೋಳು ಹೇಳಿಕೊಂಡಳು.

"ಅದಕ್ಯಾಕಕ್ಕಾ ಅಳ್ತೀಯ? ರಜೆ ಕೇಳು, ಹೋಗಿ ಬಾ" ಅಂದಳು ಝುಹೂರ್.

"ರಜೆ ಆಗಲೇ ಮುಗೀತಲ್ಲೇ. ಚಳಿಗಾಲದಲ್ಲಿ ಸಮುದ್ರ ಮುಚ್ಚಿದಾಗ ಮನೇಲೇ ಕೂತಿದ್ವಲ್ಲ."

ಸಫಿಯ ಹೆಂಗಸರೆಲ್ಲ ಹಾಗೇ ಹೇಳುತ್ತಿದ್ದರು. ಬೂತಾಯಿ ಮೊಟ್ಟೆಯಿಡುವ ಕಾಲಕ್ಕೆ ಸರ್ಕಾರ ಮೀನುಗಾರಿಕೆ ನಿಲ್ಲಿಸುತ್ತದೆ. ದೋಣಿ ಇಳಿಯುವುದಿಲ್ಲ, ವ್ಯಾನು ಬರುವುದಿಲ್ಲ. ಆ ದಿನಗಳಿಗೆ ಎಲ್ಲರೂ ರಜೆ ಎಂದೇ ಹೆಸರಿಟ್ಟಿದ್ದರು.

"ಆ ದಿನಗಳ ಸಂಬಳ ಬಂತಾ?" ಝುಹೂರ್ ಕೇಳಿದಳು.

"ಕೆಲಸಾನೇ ಇಲ್ದಿದ್ರೆ ಸಂಬಳ ಎಲ್ಲಿಂದ ಬರುತ್ತೆ?"

"ಮತ್ತೆ ಅದು ನಿನ್ನ ರಜೆ ಹೇಗಾಯ್ತು? ಅದು ಮೀನಿನ ರಜೆ ಕಣಕ್ಕ. ನಾವು ಆಗ ಸಾಲದ ಹಿಟ್ಟು ತಂದು ರೊಟ್ಟಿ ತಟ್ಟಿದ್ವಿ."

ಮಿಲೂದ್ ಬಲೆಯಿಂದ ತಲೆಯೆತ್ತದೆ ನಕ್ಕ. "ಕೆಲಸ ಮಾಡದೆ ಸಂಬಳ ಕೇಳ್ತಾರಂತೆ. ನಾಳೆ ನಿದ್ದೆಗೂ ಕೂಲಿ ಕೇಳಿ."

"ಮಿಲೂದಣ್ಣ, ನಿನ್ನ ದೋಣೀನ ವರ್ಷಕ್ಕೊಮ್ಮೆ ದಡಕ್ಕೆ ಎಳೆದು ಬಣ್ಣ ಬಳೀತೀಯ. ಯಾಕೆ?"

"ಬಳೀದಿದ್ರೆ ಮರ ಕೊಳೆಯುತ್ತೆ."

"ಅಕ್ಕನ ಮಣಿಕಟ್ಟು ನೋಡಿದೀಯಾ? ಊದಿ ಬದನೆಕಾಯಿ ಆಗಿದೆ. ಮರಕ್ಕಿರೋ ಕಾಳಜಿ ಮೈಗೆ ಬೇಡ್ವಾ?"

ಮಿಲೂದ್ ಹೆಂಡತಿಯ ಕೈ ನೋಡಿದ. ಬಲೆಯನ್ನು ಪಕ್ಕಕ್ಕಿಟ್ಟ.

"ನಮ್ಮ ದೇಶದ ಕಾನೂನಲ್ಲೇ ಇದೆ" ಝುಹೂರ್ ಬಿಡಿಸಿ ಹೇಳಿದಳು. "ಒಂದೇ ಕಡೆ ಆರು ತಿಂಗಳು ಬಿಡದೆ ದುಡಿದವರಿಗೆ ಸಂಬಳದ ಜೊತೆ ರಜೆ ಕೊಡಬೇಕು. ಸಂಬಳ ಇಲ್ಲದ ರಜೆ ಉಳ್ಳವರಿಗೆ ಮಾತ್ರ. ನಮ್ಮಂಥವರು ತಗೊಂಡ್ರೆ ಮನೇಲಿ ಒಲೆ ಹತ್ತಲ್ಲ, ಅದಕ್ಕೇ ತಗೊಳ್ಳೋದೇ ಇಲ್ಲ."

"ನಮ್ಮ ಮ್ಯಾನೇಜರ್ ತಾಹರ್ ಸಾಹೇಬರು ಒಳ್ಳೆಯವರು, ಕೇಳಿದ್ರೆ ಕೊಟ್ಟಾರು. ಆದ್ರೆ ನನ್ನ ಜಾಗಕ್ಕೆ ಇನ್ನೊಬ್ಬಳು ಬಂದು ನಿಂತ್ರೆ?"

"ಅದಕ್ಕೇ ಕಾನೂನು ಬೇಕು ಅನ್ನೋದು. ಸಾಹೇಬರು ಇವತ್ತು ಒಳ್ಳೆಯವರು. ನಾಳೆ ಅವರ ತಲೆ ಬಿಸಿಯಾದ್ರೆ? ನಿನ್ನ ಮಗಳ ಹೆರಿಗೆ ಅವರ ಮನಸ್ಸು ನೋಡ್ಕೊಂಡು ಬರುತ್ತಾ?"

ಮರುದಿನ ಪಾಳಿ ಮುಗಿದ ಮೇಲೆ ಯಮ್ನಾ ಮ್ಯಾನೇಜರ್ ತಾಹರ್ ಸಾಹೇಬರ ಕೋಣೆಗೆ ಹೋದಳು. ಝುಹೂರ್ ಪಕ್ಕದಲ್ಲಿದ್ದಳು. ಯಮ್ನಾಳ ಮೇಜಿನಲ್ಲಿ ಮೀನು ಕತ್ತರಿಸುವ ಹೆಂಗಸರು ಬಿಳಿ ಟೊಪ್ಪಿ, ರಬ್ಬರ್ ಬೂಟುಗಳಲ್ಲೇ ಬಾಗಿಲ ಹೊರಗೆ ನಿಂತರು.

"ರಜೆನಾ?" ಅಂದರು ಸಾಹೇಬರು. "ಸಮುದ್ರ ಮುಚ್ಚಿದಾಗ ತಗೊಂಡ್ರಲ್ಲಮ್ಮ."

ಝುಹೂರ್ ಬಾಯಿ ತೆರೆಯುವಷ್ಟರಲ್ಲಿ ಯಮ್ನಾಳೇ ಮಾತಾಡಿದಳು. ಆ ಧೈರ್ಯ ಎಲ್ಲಿಂದ ಬಂತೋ ಅವಳಿಗೂ ಗೊತ್ತಿಲ್ಲ.

"ಸಾಹೇಬ್ರೇ, ಆಗ ಒಂದು ದೋಣಿ ಇಳಿಸಿ ಮೀನು ತರಿಸಬಹುದಿತ್ತಲ್ಲ. ಯಾಕೆ ತರಿಸಲಿಲ್ಲ?"

"ತರಿಸೋದಾ? ಕಾನೂನು ಬಿಡುತ್ತಾ? ದೋಣೀನೇ ಹಿಡ್ಕೊಂಡು ಹೋಗ್ತಾರೆ."

"ಹೊಟ್ಟೇಲಿ ಮೊಟ್ಟೆ ಇರೋ ಬೂತಾಯಿಗೆ ಕಾನೂನಿದೆ, ಅದಕ್ಕೆ ನೀವು ಹೆದರ್ತೀರಿ. ನನ್ನ ಮಗಳೂ ತುಂಬಿದ ಬಸುರಿ ಸಾಹೇಬ್ರೇ. ಅವಳ ಹತ್ರ ಹೋಗೋಕೆ ನನಗೂ ಕಾನೂನಿದೆ. ಮೀನಿನ ಕಾನೂನು ಪಾಲಿಸಿದ ಹಾಗೇ ನನ್ನದೂ ಪಾಲಿಸಿ. ಅಷ್ಟೇ ನಾನು ಕೇಳೋದು."

ಹೊರಗೆ ನಿಂತವರಲ್ಲಿ ಯಾರೋ ನಕ್ಕರು, ಮತ್ತೆ ಎಲ್ಲರೂ ನಕ್ಕರು. ಸಾಹೇಬರು ಮೊದಲು ಕೆಂಪಾದರು. ಆಮೇಲೆ ತಲೆ ಕೆರೆದುಕೊಂಡರು.

"ಎಲ್ಲರೂ ಒಟ್ಟಿಗೇ ಹೊರಟ್ರೆ ನಾನೊಬ್ಬನೇ ಕೂತು ಡಬ್ಬಿ ತುಂಬಲಾ?"

"ಸರದಿ ಮೇಲೆ ಹೋಗ್ತೀವಿ" ಅಂದಳು ಝುಹೂರ್. "ಕಾರ್ಮಿಕ ಇಲಾಖೆಯವರನ್ನ ಕರೆಸೋದು ಬೇಡ, ಇಲ್ಲೇ ಕೂತು ಸರದಿ ಪಟ್ಟಿ ಮಾಡೋಣ. ದಣಿದ ಕೈ ಮೀನಿನ ಬದಲು ಬೆರಳು ಕತ್ತರಿಸುತ್ತೆ ಅನ್ನೋದು ನಿಮಗೂ ಗೊತ್ತು."

ಸಾಹೇಬರು ಒಪ್ಪಿದರು, ಆ ಸಂಜೆಯೇ ಸರದಿ ನಿಗದಿಯಾಯಿತು. ಮೊದಲ ಸರದಿ ಯಮ್ನಾಳದು. ಸಂಬಳವೂ ಉಂಟು, ಮೇಜಿನ ಬಳಿ ಅವಳ ಜಾಗವೂ ಭದ್ರ. ಹೆಂಗಸರು ಅಂಗಳದಲ್ಲಿ ನಾಲಿಗೆ ಹೊರಳಿಸಿ ಹಾಕಿದ ಯೂಯೂ ಎಂಬ ಸಂಭ್ರಮದ ಕೇಕೆ ಬಂದರಿನವರೆಗೂ ಕೇಳಿತು. ಬಸ್ಸಿಗೆ ಮಿಲೂದನೇ ರಫೀಸಾದ ಕೋಳಿಯನ್ನು ಕಂಕುಳಲ್ಲಿ ಹಿಡಿದು ತಂದ. "ನನ್ನ ಹೆಂಡತಿ ಸಂಬಳದ ರಜೆ ಮೇಲೆ ಹೊರಟಿದಾಳೆ" ಎಂದು ಕಂಡಕ್ಟರನಿಗೂ ಹೇಳಿದ, ಕೇಳದವರಿಗೂ ಹೇಳಿದ.

ಇಕ್ರಾಮ್‌ಗೆ ಹೆಣ್ಣು ಮಗು. ಬಟ್ಟಲು ತುಂಬ ಹಬೆಯಾಡುವ ರಫೀಸಾವನ್ನು ಯಮ್ನಾ ತುತ್ತು ಮಾಡಿ ಉಣಿಸಿದಳು. ತಾಯಿಯ ಕೈ ಮೂಸಿ ಮಗಳು ನಕ್ಕಳು. "ಅಮ್ಮಾ, ನಿನ್ನ ಕೈಲಿ ಮೀನಿನ ವಾಸನೆ ಇಲ್ಲ." ಯಮ್ನಾ ತನ್ನ ಅಂಗೈಯನ್ನು ತಾನೇ ಮೂಸಿದಳು. ಅದರಲ್ಲಿ ಮೆಂತ್ಯದ ಘಮವಿತ್ತು. ಅವಳು ಸಂತೋಷಕ್ಕೆ ಅತ್ತುಬಿಟ್ಟಳು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೀವು ಬೀಡಿ ಕಟ್ಟುವವರಿರಬಹುದು, ಗಾರ್ಮೆಂಟ್ಸಿನಲ್ಲಿ ಹೊಲಿಯುವವರಿರಬಹುದು, ನಾಲ್ಕು ಮನೆಯ ಪಾತ್ರೆ ತಿಕ್ಕುವವರಿರಬಹುದು. ನಿಮ್ಮ ಕೆಲಸಕ್ಕೆ ಸಂಬಳದ ರಜೆಯ ಕಾನೂನು ಇದೆಯೇ ಎಂದು ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ. ಇದ್ದರೆ ಕೇಳಿ ಪಡೆಯಿರಿ, ಒಬ್ಬರೇ ಹೋಗಬೇಡಿ, ಕೂಡಿ ಹೋಗಿ. ಇಲ್ಲದಿದ್ದರೆ ಕಾನೂನು ಬೇಕು ಎಂದು ಓಟು ಕೇಳಲು ಬಂದವರ ಮುಂದೆ ಹೇಳಿ. ಕೆಲಸವಿಲ್ಲದೆ ಮನೆಯಲ್ಲಿ ಕೂತ ದಿನವನ್ನೇ ಯಾರಾದರೂ ನಿಮ್ಮ ರಜೆ ಎಂದರೆ, ಯಮ್ನಾಳನ್ನು ನೆನೆಸಿಕೊಂಡು ಒಂದೇ ಮಾತು ಕೇಳಿ: ಹಾಗಾದರೆ ಆ ದಿನದ ಸಂಬಳ ಎಲ್ಲಿ?