ತಟ್ಟೆ ಒಣಗಿಯೇ ಇತ್ತು

ಎಂಟೂಕಾಲಾದರೂ ಪೆಪ್ಪರ್ ವಾಂತಿ ಮಾಡಿರಲಿಲ್ಲ. ಗೂಡಿನಲ್ಲಿ ಅದರ ಮೂತಿಯ ಮುಂದೆ ಇಟ್ಟಿದ್ದ ಸ್ಟೀಲಿನ ತಟ್ಟೆ ಒಣಗಿಯೇ ಇತ್ತು. ಮಾರ್ಫಿನ್ ಚುಚ್ಚಿದ ಹತ್ತು ನಿಮಿಷದೊಳಗೆ ಹೆಚ್ಚಿನ ನಾಯಿಗಳು ಕಕ್ಕುತ್ತವೆ, ಆಮೇಲೆ ಕಣ್ಣು ಮಂಜಾಗಿ ಮಲಗುತ್ತವೆ. ಮೊಣಕಾಲಿನ ಆಪರೇಷನ್ನಿಗೆಂದು ಬಂದ ಈ ಮುದಿ ನಾಯಿ ಮಾತ್ರ ಜಯದೇವಿಯನ್ನು ಕಂಡು ಬಾಲ ಬಡಿಯುತ್ತಿತ್ತು.

ಒಂದು ತಿಂಗಳಿಂದ ಯಾವ ತಟ್ಟೆಯನ್ನೂ ತೊಳೆದ ನೆನಪು ಅವಳಿಗಿರಲಿಲ್ಲ. ಕೆಲಸ ಹಗುರಾಯಿತೆಂದು ಹಿಗ್ಗಿದ್ದಳು, ಪೆದ್ದಿ! ನಿನ್ನೆ ಕುಯ್ದ ನಾಯಿ ಅರಿವಳಿಕೆ ಗ್ಯಾಸಿನ ಮಂಪರು ಇಳಿದದ್ದೇ ತಡ, ಹಲ್ಲಿನಿಂದ ರಕ್ತ ಬರುವವರೆಗೂ ಗೂಡಿನ ಸರಳು ಕಚ್ಚಿತ್ತು. ಎದ್ದ ಮೇಲಿನ ನೋವನ್ನು ತಡೆಯಬೇಕಾದದ್ದು ಮಾರ್ಫಿನ್. ಆ ಕೂಗು ಇನ್ನೂ ಅವಳ ಕಿವಿಯಲ್ಲಿತ್ತು.

ಪುಟ್ಟ ಟಾರ್ಚು ಹಿಡಿದು ಪೆಪ್ಪರ್‌ನ ಕಣ್ಣು ನೋಡಿದಳು. ಮಾರ್ಫಿನ್ ಏರಿದ್ದರೆ ಕಣ್ಣಿನ ಪಾಪೆ ಕುಗ್ಗಬೇಕಿತ್ತು. ಅದು ಅಗಲವಾಗಿ ಅರಳಿತ್ತು.

"ಇನ್ನೂ ಇಲ್ಲೇ ನಿಂತೀ ಏನು, ತಂಗಿ? ಸಹಿ ಹಾಕು, ಹೊತ್ತಾತು."

ಡಾಕ್ಟರ್ ಇಂದುಧರ ಔಷಧಿಯ ರಿಜಿಸ್ಟರ್ ಹಿಡಿದು ಬಂದಿದ್ದರು. ಕರ್ನಿ ಮೆಸಾದ ಈ ಆಸ್ಪತ್ರೆ ಅವರದೇ. ಬೀದರಿನ ಪಶುವೈದ್ಯ ಕಾಲೇಜಿನಲ್ಲಿ ಅವಳಿಗಿಂತ ಹದಿನೈದು ವರ್ಷ ಹಿರಿಯರು. ಹೋದ ವರ್ಷ, ಎರಡು ಸಾವಿರದ ಐದರಲ್ಲಿ, ಈ ಪರದೇಶದಲ್ಲಿ ನಡೆಯದ ಬೀದರಿನ ಡಿಗ್ರಿ ಇಟ್ಟುಕೊಂಡು ಅವಳು ಬಂದಾಗ ಟೆಕ್ನಿಷಿಯನ್ ಕೆಲಸ ಕೊಟ್ಟು, ವೀಸಾ ಮಾಡಿಸಿ, ಲೈಸೆನ್ಸ್ ಪರೀಕ್ಷೆಗೆ ಓದಿಸುತ್ತಿದ್ದವರು ಅವರೇ. ಅವರ ಮನೆಯ ಜೋಳದ ರೊಟ್ಟಿ ಎಷ್ಟು ಸಲ ತಿಂದಿದ್ದಳೋ.

ಉಳಿದ ಮಾರ್ಫಿನ್ನನ್ನು ಚೆಲ್ಲುವಾಗ ಇಬ್ಬರು ಕಣ್ಣಾರೆ ನೋಡಿ ಸಹಿ ಹಾಕಬೇಕೆಂಬುದು ಆಸ್ಪತ್ರೆಯ ನಿಯಮ. ಮೊದಲ ವಾರ ಅವಳು ನೋಡಲು ಹೋದಾಗ ಅವರು ನಕ್ಕು, "ನಮ್ಮವರೇ ನಮ್ಮನ್ನ ನಂಬಲಿಲ್ಲಂದ್ರ ಹೆಂಗ?" ಎಂದಿದ್ದರು. ಅವಳಿಗೆ ನಾಚಿಕೆಯಾಗಿತ್ತು. ಉಂಡ ಮನೆಯ ಜಂತಿ ಎಣಿಸಬಾರದು ಎಂದು ಬೆಳೆದವಳು. ಅಂದಿನಿಂದ ನೋಡದೆ ಸಹಿ ಹಾಕಿದಳು. ಏಪ್ರಿಲ್‌ನಲ್ಲಿ ಗೆಳತಿ ನಮ್ರತಾಳ ಗೃಹಪ್ರವೇಶಕ್ಕೆ ವೆಸ್ಟ್ ಕೊವಿನಾಕ್ಕೆ ಹೊರಟಾಗ ಖಾಲಿ ಸಾಲುಗಳಿಗೂ ಸಹಿ ಹಾಕಿ ಕೊಟ್ಟು ಹೋಗಿದ್ದಳು.

"ಸರ್, ಇದು ವಾಂತಿ ಮಾಡಿಲ್ಲ."

"ಎಲ್ಲಾ ನಾಯಿ ಮಾಡಂಗಿಲ್ಲ, ತಂಗಿ."

"ಒಂದು ತಿಂಗಳಿಂದ ಒಂದೂ ಮಾಡಿಲ್ಲ, ಸರ್. ಬಾಟಲಿ ಖರಾಬ್ ಆಗಿರಬೇಕು. ಹೊಸದು ತೆಗೀರಿ."

ಅವರು ರಿಜಿಸ್ಟರನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರು. ಕಪಾಟಿನ ಬೀಗ ತೆಗೆದು, ಬೆನ್ನು ತಿರುಗಿಸಿ ನಿಂತು ಸಿರಿಂಜ್ ತುಂಬಿದರು. ಹೊಸ ಬಾಟಲಿಯ ಸೀಲು ಬಿಚ್ಚುವ ಸದ್ದು ಅವಳಿಗೆ ಕೇಳಿಸಲಿಲ್ಲ. ಜುಲೈ ಬಿಸಿಲಲ್ಲೂ ಅವರು ಮಣಿಕಟ್ಟಿನವರೆಗೆ ಗುಂಡಿ ಹಾಕಿದ ಅಂಗಿ ತೊಟ್ಟಿದ್ದರು. ಪೆಪ್ಪರ್‌ಗೆ ಚುಚ್ಚಿ, ಗೂಡಿನ ಬದಿಯ ಮಬ್ಬು ಬೆಳಕಿನಲ್ಲಿ ಅವಳತ್ತ ತಿರುಗಿದರು.

ಆ ಮಬ್ಬಿನಲ್ಲೂ ಅವರ ಕಣ್ಣಿನ ಪಾಪೆಗಳು ಸಾಸಿವೆ ಕಾಳಿನಷ್ಟಾಗಿದ್ದವು.

ನಾಯಿಗಳಿಗೆ ಸೇರಬೇಕಾದ ಮಾರ್ಫಿನ್ ಯಾರ ಮೈ ಸೇರುತ್ತಿದೆ ಎಂದು ಜಯದೇವಿ ಇನ್ನು ಕೇಳಬೇಕಿರಲಿಲ್ಲ. ಭಯದ ಜೊತೆಗೇ, ಊಟ ಹಾಕಿದ ಆ ಮನುಷ್ಯನ ಮೇಲೆ ಅಳು ಬರುವಷ್ಟು ಮರುಕವೂ ಬಂತು.

"ಇವತ್ತು ಕುಯ್ಯೋದು ಬ್ಯಾಡ, ಸರ್. ಯಾರಿಗರ ತೋರಿಸ್ಕೊಳ್ರಿ."

ಇಂದುಧರ ರಿಜಿಸ್ಟರ್ ತೆರೆದು ಮೇಜಿನ ಮೇಲಿಟ್ಟರು. ದನಿ ಮೊದಲಿನಷ್ಟೇ ಮೆತ್ತಗಿತ್ತು. "ಇಲ್ನೋಡು. ಪ್ರತಿ ಸಾಲಿಗೂ ನಿನ್ನ ಸಹಿ ಅದ. ನೀ ವೆಸ್ಟ್ ಕೊವಿನಾದಾಗಿದ್ದ ದಿನಾನೂ ಅದ. ನಾಳೆ ಯಾರರ ಕೇಳಿದ್ರ, ಕದ್ದವರು ಯಾರಂತಾರ? ನಿನಗ ಲೈಸೆನ್ಸ್ ಬೇಕು. ನನಗ ಈ ಆಸ್ಪತ್ರೆ ಬೇಕು. ಸುಮ್ಮನ ಬರಿ."

ಪೆನ್ನನ್ನು ಅವಳ ಬೆರಳುಗಳ ನಡುವೆ ತಾವೇ ಇಟ್ಟರು. ಅವಳು ಹಾಳೆ ನೋಡಿದಳು. ತನ್ನದೇ ದುಂಡನೆಯ ಅಕ್ಷರ, ಮೇಲಿನಿಂದ ಕೆಳಗಿನವರೆಗೆ.

"ನಾಯಿ ವಾಂತಿ ಮಾಡಲಿ, ಸರ್," ಎಂದಳು. "ಆಮ್ಯಾಲ ಹಾಕ್ತೀನಿ."

ಇಂದುಧರ ಸಿಂಕಿನ ಬಳಿ ಹೋಗಿ ನಲ್ಲಿ ಬಿಟ್ಟರು. ಆಪರೇಷನ್ನಿಗೆ ಕೈ ತೊಳೆಯತೊಡಗಿದರು. ಅಂಗಿಯ ತೋಳು ಮಾತ್ರ ಮೇಲೇರಿಸಲಿಲ್ಲ.

ಜಯದೇವಿ ಗೂಡಿನ ಮುಂದೆ ನೆಲದ ಮೇಲೆ ಕೂತು, ಯಾರೂ ತೆಗೆಯದಂತೆ ಚಿಲಕದ ಮೇಲೆ ಕೈಯಿಟ್ಟಳು. ಗೋಡೆ ಗಡಿಯಾರದಲ್ಲಿ ಐದು ನಿಮಿಷ ಕಳೆಯಿತು, ಹತ್ತಾಯಿತು. ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಪೆಪ್ಪರ್ ಎದ್ದು ಬಂದು, ತನಗಾಗಿ ಏನೋ ಇಟ್ಟಿದ್ದಾರೆಂದುಕೊಂಡು, ಒಣ ತಟ್ಟೆಯನ್ನು ನೆಕ್ಕತೊಡಗಿತು.