ಪದ್ದಿಯ ಕುಡಿತಿ

ಕ್ಯಾಸಂಬಳ್ಳಿಯಿಂದ ಎರಡು ಮೈಲಿ ಒಳಗಿರುವ ಆ ಊರಿನಲ್ಲಿ ಯಾರ ಹಸುವಿಗೆ ಏನಾದರೂ ಜನ ಮೊದಲು ಓಡುತ್ತಿದ್ದದ್ದು ಮುನಿನಾರಾಯಣಮ್ಮನ ಮನೆಗೆ. ಪಶು ಆಸ್ಪತ್ರೆಯ ಮಾತು ಆಮೇಲೆ. ಕರು ಅಡ್ಡ ಬಂದರೂ ಅವಳೇ ಬೇಕು, ಕೆಚ್ಚಲು ಬಾತರೂ ಅವಳೇ ಬೇಕು, ಮಾಸು ಬೀಳದಿದ್ದರೂ ಅವಳೇ ಬೇಕು. ಬರುತ್ತಿದ್ದಳು ನಿಜ, ಆದರೆ ಬೈಯದೆ ಬಂದವಳಲ್ಲ. "ಬಾಯಿಲ್ಲದ ಜೀವಾನ ಕಟ್ಟಾಕ್ಕೊಂಡು ಇಂಗಾ ನೋಡ್ಕೊಳ್ಳಾದು?" ಎಂದು ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ಉಗಿದ ಮೇಲೆಯೇ ಸೆರಗು ಸಿಕ್ಕಿಸಿ ಕೆಲಸಕ್ಕೆ ಇಳಿಯುವುದು. ಗಂಡ ಸೀನಪ್ಪ ರಾಬರ್ಟ್‌ಸನ್‌ಪೇಟೆಯಲ್ಲಿ ವಾಚ್‌ಮನ್. ಮನೆಯಲ್ಲಿದ್ದರೆ ಬೈಗುಳ ತನಗೂ ಬೀಳುತ್ತದೆ ಎಂದು ಎರಡು ಡ್ಯೂಟಿ ಒಟ್ಟಿಗೇ ಮಾಡುತ್ತಾನೆ ಅಂತ ಊರವರು ಆಡಿಕೊಳ್ಳುತ್ತಿದ್ದರು. ಅದು ಸುಳ್ಳೇನಲ್ಲ.

ಅವಳ ಹಟ್ಟಿಯಲ್ಲಿ ಮೂರು ಹಸು. ಅದರಲ್ಲಿ ಪದ್ದಿ ಎಂದರೆ ಪ್ರಾಣ. ಕಪ್ಪುಬಿಳುಪಿನ ಸೀಮೆ ಹಸು, ಈಗ ಏಳು ತಿಂಗಳ ಗಬ್ಬ. ಸೊಸೆ ರೂಪ ಬಸುರಿಯಾಗಿದ್ದಾಗ ಇಷ್ಟು ಉಪಚಾರ ನಡೆದಿರಲಿಲ್ಲ ಎಂದು ಸ್ವತಃ ರೂಪಳೇ ನಗುತ್ತಾ ಹೇಳುತ್ತಿದ್ದಳು.

ಇಂಥ ಊರಿಗೆ ಮೂರು ತಿಂಗಳ ಹಿಂದೆ ಸುಮಿತಾ ಬಂದಳು. ಗದಗದ ಕಡೆಯ ಹುಡುಗಿ, ದನದ ಡಾಕ್ಟರಿಕೆ ಓದಿ ಮುಗಿಸಿ ಇನ್ನೂ ದೊಡ್ಡ ಓದು ಓದುತ್ತಿದ್ದವಳು. ಬಂಗಾರಪೇಟೆಯಲ್ಲಿ ರೂಮು ಮಾಡಿಕೊಂಡು ದಿನಾ ಬೆಳಿಗ್ಗೆ ಸ್ಕೂಟರಿನಲ್ಲಿ ಬರುವಳು. ಹಸುವಿನ ದೊಡ್ಡ ಹೊಟ್ಟೆ ಮಾಂಸಖಂಡದ ಒಂದು ಚೀಲ, ಒದ್ದೆ ಬಟ್ಟೆ ಹಿಂಡಿದ ಹಾಗೆ ಅದು ತನ್ನನ್ನು ತಾನೇ ಹಿಂಡಿಕೊಳ್ಳುತ್ತಿರಬೇಕು, ಎರಡು ನಿಮಿಷಕ್ಕೆ ಮೂರು ಸಲವಾದರೂ ಹಿಂಡಬೇಕು. ಹಿಂಡುವುದು ಎಷ್ಟು ಬಿಗಿ, ಎಷ್ಟು ಸಡಿಲ ಅಂತ ಅಳೆಯುವುದೇ ಅವಳ ಕೆಲಸ. ಅದಕ್ಕೆಂದು ಊರಿನ ಹದಿನೆಂಟು ಹಸುಗಳಿಗೆ ಎಡಪಕ್ಕೆಯ ಗುಳಿಯ ಮೇಲೆ ಕೂರುವ ಹಾಗೆ ಒಂದು ಬೆಲ್ಟು ಕಟ್ಟಿದ್ದಳು. ಅವಳ ಫೋನಿನಲ್ಲಿ ಗೆರೆ ಏಳುತ್ತಿತ್ತು, ಇಳಿಯುತ್ತಿತ್ತು. ಈ ಸೀಮೆಯಲ್ಲಿ ಸತ್ತ ಹಸುಗಳ ಹೊಟ್ಟೆ ಕೊಯ್ದು ನೋಡಿದರೆ ಬಹಳಷ್ಟರಲ್ಲಿ ಒಳಗಿನ ಚರ್ಮ ಸುಟ್ಟು ಹೋಗಿರುತ್ತದಂತೆ, ಯಾಕೆ ಅಂತ ಯಾರಿಗೂ ಗೊತ್ತಿಲ್ಲವಂತೆ.

"ಮೂವತ್ತೊರ್ಸದಿಂದ ಸಗಣಿ ಎತ್ತೀನಿ, ಒಟ್ಟೆ ಇಂಡ್ಕೊಳ್ಳಾದು ಇವಳು ಬಂದು ನಂಗೆ ಯೇಳ್ಕೊಡಬೇಕಾ?" ಎಂದು ಮುನಿನಾರಾಯಣಮ್ಮ ಮೊದಲ ದಿನವೇ ಮೂಗು ಮುರಿದಳು. ಆದರೆ ಹುಡುಗಿ ಸಗಣಿಗೆ ಅಸಹ್ಯಪಡಲಿಲ್ಲ, ಕೊಟ್ಟ ಮುದ್ದೆ ಬೇಡ ಎನ್ನಲಿಲ್ಲ, ಬೈದರೆ ನಕ್ಕಳು. ಅಲ್ಲಿಗೆ ಮುನಿನಾರಾಯಣಮ್ಮ ಸೋತಳು.

ದಿನಾ ಒಂದೇ ಪ್ರಶ್ನೆ. "ಅವ್ವಾರ, ಇವತ್ತ ಏನ್ ತಿನಿಸೀರಿ?"

"ರಾಗಿಉಲ್ಲು, ಸೀಮೆಉಲ್ಲು, ಬೂಸ ಎರಡು ಸೇರು."

"ಮತ್ತ?"

"ಮತ್ತೇನು, ಕುಡಿತಿ."

"ಹ್ಞಾ, ಕುಡೀತೈತಿ. ಚಲೋ," ಎಂದು ಸುಮಿತಾ ಬರೆದುಕೊಳ್ಳುವಳು. ಮೂರು ತಿಂಗಳು ಹೀಗೇ ನಡೆಯಿತು.

ಆ ಭಾನುವಾರ ಡೈರಿ ಸೆಕ್ರೆಟರಿ ಕೋದಂಡಪ್ಪನ ಮಗಳ ಮದುವೆ. ಐನೂರು ಎಲೆಗೆ ಅಂತ ಮಾಡಿದ ಅಡಿಗೆ, ಉಂಡವರು ಮುನ್ನೂರು. ಮಿಕ್ಕ ಅನ್ನ ಪಾಯಸವನ್ನು ಕೋದಂಡಪ್ಪ ಟೆಂಪೋದಲ್ಲಿ ಹಾಕಿಸಿ ಊರಿಗೆ ಕಳಿಸಿದ. ಅನ್ನ ಚೆಲ್ಲಿದರೆ ಪಾಪ ತಾನೇ? ಮುನಿನಾರಾಯಣಮ್ಮ ಮೂರು ಬಕೆಟ್ ತುಂಬಿಸಿಕೊಂಡು ಬಂದು, ಒಂದನ್ನು ನಾಳೆಗೆಂದು ಒಳಗಿಟ್ಟು, ಎರಡನ್ನು ಕಲ್ಲುಬಾನಿಗೆ ಸುರಿದಳು. ಪದ್ದಿಯದು ಈಗ ಎರಡು ಜೀವ. ಉಳಿದೆರಡು ಹಸುಗಳನ್ನು ಆಚೆ ಕಟ್ಟಿ ಪದ್ದಿಯೊಂದಕ್ಕೇ ಬಿಟ್ಟಳು. ಅದು ಬಾನಿಯ ತಳ ನೆಕ್ಕುವವರೆಗೂ ಪಕ್ಕದಲ್ಲೇ ನಿಂತು ಬೆನ್ನು ಸವರಿದಳು.

ಸೋಮವಾರ ಬೆಳಿಗ್ಗೆ ಪದ್ದಿ ಹುಲ್ಲು ಮೂಸಲಿಲ್ಲ. ಮೆಲುಕು ಇಲ್ಲ. ಬೆನ್ನು ಗೂನು ಮಾಡಿಕೊಂಡು ನಿಂತು ಹಲ್ಲು ಮಸೆಯುತ್ತಿತ್ತು. ಸುಮಿತಾ ಬಂದವಳೇ ಫೋನು ನೋಡಿದಳು, ಗೆರೆ ನೆಟ್ಟಗೆ ಮಲಗಿತ್ತು. ಎಡಪಕ್ಕೆಯ ಗುಳಿಗೆ ಮುಷ್ಟಿ ಒತ್ತಿ ಐದು ನಿಮಿಷ ನಿಂತಳು. ಒಂದು ಸಲವೂ ಅಲುಗಲಿಲ್ಲ.

"ಅವ್ವಾರ, ನಿನ್ನೆ ಬ್ಯಾರೆ ಏನರ ತಿನಿಸೀರೇನು? ಜೋಳ, ಅಕ್ಕಿ, ಹಿಟ್ಟು?"

"ಏನೂ ಇಲ್ಲ. ದಿನಾ ಇಕ್ಕಾದೇ ಇಕ್ಕಿದ್ದು."

ಅವಳು ಸುಳ್ಳು ಹೇಳಲಿಲ್ಲ. ಆಣೆ ಇಡು ಅಂದರೂ ಇಡುತ್ತಿದ್ದಳು.

ಸುಮಿತಾ ಕಾಲೇಜಿನ ದೊಡ್ಡ ಡಾಕ್ಟರಿಗೆ ಫೋನು ಮಾಡಿದಳು. ಕಾಳುಕಡಿ ಏನೂ ತಿಂದಿಲ್ಲ ಸರ್, ಮೇವು ಬದಲಾಗಿಲ್ಲ ಎಂದಳು. ಹಾಗಿದ್ದರೆ ತಂತಿಯೋ ಮೊಳೆಯೋ ನುಂಗಿರಬೇಕು ಎಂದರು ಅವರು. ಚಿನ್ನದ ಗಣಿ ಮುಚ್ಚಿದ ಮೇಲೆ ಕೋರಮಂಡಲ್ ಕಡೆಯಿಂದ ಗುಜರಿ ಹೊತ್ತು ತರುವವರು ದಾರಿಯುದ್ದ ತಂತಿ ತುಂಡು ಉದುರಿಸುವುದು ಹೊಸದೇನಲ್ಲ. ಒಳಗೆ ತಂತಿ ಚುಚ್ಚಿದ್ದರೆ ಹಸುವನ್ನು ಅಲುಗಿಸಬಾರದು, ಹೊಟ್ಟೆಗೆ ನೀರು ತುಂಬಬಾರದು. ಮುಂಗಾಲಿನಡಿ ಮಣ್ಣು ಏರಿಸಿ ನಿಲ್ಲಿಸಿದರು. ತಂತಿಯನ್ನು ಹಿಡಿದುಕೊಳ್ಳಲಿ ಎಂದು ಒಂದು ಅಯಸ್ಕಾಂತದ ತುಂಡು ನುಂಗಿಸಿದರು. ನಾಳೆ ದೊಡ್ಡ ಡಾಕ್ಟರು ಬಂದು ಕೊಯ್ದು ತೆಗೆಯುತ್ತಾರೆ ಎಂದಾಯಿತು. ಗಬ್ಬದ ಹಸುವನ್ನು ಕೊಯ್ಯುವುದು ಅಂದಾಗ ಮುನಿನಾರಾಯಣಮ್ಮ ಪದ್ದಿಯ ಕೊರಳು ತಬ್ಬಿಕೊಂಡಳು.

ಅಷ್ಟರಲ್ಲಿ ಪಕ್ಕದ ಮನೆಯ ಮುನಿಸ್ವಾಮಪ್ಪ ಬಂದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ ಮನುಷ್ಯ. "ತಂತೀನೂ ಇಲ್ಲ ಮೊಳೇನೂ ಇಲ್ಲ ಕಣಕ್ಕ. ಆ ಬೆಲ್ಟೇ ಒಟ್ಟೆ ಇಸುಕಿರಾದು. ಮೂರು ತಿಂಗಳಿಂದ ಬಿಗಿದವಳೆ, ಉಸಿರಾಡಾಕಾಯ್ತದಾ?" ಎಂದ.

ನೋಡಿ, ಮನಸ್ಸು ಎಂಥ ಕಳ್ಳ! ಆ ಮಾತು ಕೇಳಿದ ಕೂಡಲೇ ಮುನಿನಾರಾಯಣಮ್ಮನಿಗೆ ಒಳಗೊಳಗೇ ಹಗುರವಾಯಿತು. ಊರ ದನವೆಲ್ಲ ನೋಡಿಕೊಳ್ಳುವವಳ ಹಟ್ಟಿಯಲ್ಲೇ ಹಸು ಕೆಟ್ಟಿತು ಅನ್ನುವುದಕ್ಕಿಂತ ಬೆಲ್ಟಿನಿಂದ ಕೆಟ್ಟಿತು ಅನ್ನುವುದು ವಾಸಿಯಲ್ಲವೇ? "ನಿನ್ ಬೆಲ್ಟಿಗೆ ಬೆಂಕಿ ಬೀಳ! ನನ್ ಪದ್ದೀನ ತಿಂದ್ಬಿಟ್ಟಲ್ಲೇ!" ಎಂದು ಬೀದಿಗೆ ಕೇಳುವ ಹಾಗೆ ಕೂಗಿದಳು. ಸುಮಿತಾಳ ಮುಖ ಸಣ್ಣದಾಯಿತು. ಬೆಲ್ಟು ಬಿಚ್ಚಿ ಕೈಯಲ್ಲಿ ಹಿಡಿದು ಕೂತಳು. ಹತ್ತು ಗಂಟೆ ಅನ್ನುವಷ್ಟರಲ್ಲಿ ಊರಿನವರು ಉಳಿದ ಹದಿನೇಳು ಬೆಲ್ಟೂ ಬಿಚ್ಚಿ ತಂದು ಅವಳ ಸ್ಕೂಟರಿನ ಮೇಲೆ ಒಗೆದರು.

ಆದರೂ ಅವಳು ಹೋಗಲಿಲ್ಲ. ಪದ್ದಿಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಳು.

ಮಧ್ಯಾಹ್ನ ಮುನಿನಾರಾಯಣಮ್ಮನಿಗೆ ತಡೆಯಲಾಗಲಿಲ್ಲ. ಹುಲ್ಲು ಬೇಡವಾದರೆ ಬೇಡ, ಬಾಯಿ ಒಣಗಿದೆಯಲ್ಲ ಎಂದು ಒಳಗಿಂದ ಬಕೆಟ್ ತಂದು ಪದ್ದಿಯ ಮೂತಿಗೆ ಹಿಡಿದಳು. "ಕುಡಿತಿನಾದ್ರೂ ಕುಡಿಯೇ ನನ್ನವ್ವ. ಒಂದು ಗುಟುಕು."

ಸುಮಿತಾ ಬಗ್ಗಿ ಬಕೆಟ್ಟಿನೊಳಗೆ ನೋಡಿದಳು. ಬಿಳಿ ಅನ್ನ, ಶಾವಿಗೆ, ಮೇಲೆ ಹುಳಿ ಬುರುಗು.

"ಅವ್ವಾರ, ಇದೇನ್ರಿ?"

"ಕುಡಿತಿ ಕಣಮ್ಮ. ದಿನಾ ಯೇಳ್ತೀನಲ್ಲ."

"ಕುಡಿತಿ ಅಂದ್ರ... ನೀರಲ್ಲೇನ್ರಿ?"

ಎಷ್ಟೆಂದರೂ ಪರಸೀಮೆಯವಳು ಎಂದುಕೊಂಡು ಮುನಿನಾರಾಯಣಮ್ಮ ಬಿಡಿಸಿ ಹೇಳಿದಳು. ಅಕ್ಕಿ ತೊಳೆದ ನೀರು, ಮುದ್ದೆ ಮಡಕೆ ತೊಳೆದದ್ದು, ಮಿಕ್ಕ ಅನ್ನ, ಹಳಸಿದ ಸಾರು, ತರಕಾರಿ ಸಿಪ್ಪೆ, ಎಲ್ಲ ಬಾನಿಗೆ ಬಿದ್ದರೆ ಅದೇ ಕುಡಿತಿ. ಗಡಿಯಾಚೆಯ ತೆಲುಗರೂ ಅದನ್ನೇ ಅನ್ನುತ್ತಾರೆ, ಇಲ್ಲಿಯವರೂ ಅದನ್ನೇ ಅನ್ನುತ್ತಾರೆ. ಮೇವು ಬೇರೆ, ಕುಡಿತಿ ಬೇರೆ. ಬಾನಿಗೆ ಬಿದ್ದ ಮೇಲೆ ಅನ್ನವನ್ನು ಯಾರಾದರೂ ತಿನ್ನುವ ಲೆಕ್ಕಕ್ಕೆ ಹಿಡಿಯುತ್ತಾರೆಯೇ?

ಸುಮಿತಾ ಹಣೆಗೆ ಕೈ ಕೊಟ್ಟಳು. "ಅಯ್ಯೋ ಶಿವನ! ನಮ್ ಕಡೆ 'ಕುಡೀತೈತಿ' ಅಂದ್ರ ಆಕಳ ನೀರು ಕುಡೀಲಿಕತ್ತೈತಿ ಅಂತ. ಮೂರು ತಿಂಗಳ ನೀರು ನೀರು ಅಂತ ಬರಕೊಂಡೀನಿ. ನಿನ್ನೆ ಇದನ್ನ ಎಷ್ಟು ಹಾಕೀರಿ?"

"ಎರಡು ಬಕೆಟ್. ಮದುವೆ ಅನ್ನ."

ಹುಡುಗಿ ಬೈಯಲಿಲ್ಲ. ಎದ್ದು ಓಡಿದಳು, ಸ್ಕೂಟರಿನಿಂದ ಕೊಳವೆ, ಔಷಧಿ ಡಬ್ಬ ತಂದಳು. ಪದ್ದಿಯ ಬಾಯಿಗೆ ಮರದ ತುಂಡು ಕೊಟ್ಟು ಕೊಳವೆ ಇಳಿಸಿ ಒಂದು ಲೋಟ ರಸ ಎಳೆದು ಹುಳಿ ಅಳೆಯುವ ಕಾಗದದ ಪಟ್ಟಿ ಅದ್ದಿದಳು. "ಹುಳಿ ಮಜ್ಜಿಗಿ ಇದ್ದಂಗ ಹುಳಿ ಐತ್ರಿ. ತಂತಿ ಅಲ್ಲ, ಅನ್ನ," ಎಂದಳು. ರೂಪ ಉಗುರುಬೆಚ್ಚಗಿನ ನೀರು ಕಾಯಿಸಿ ಹೊತ್ತು ತಂದಳು. ನೀರು ತುಂಬುವುದು, ಬಗ್ಗಿಸಿ ಹರಿಸುವುದು. ಪ್ರತಿ ಸಲವೂ ಅನ್ನದ ಅಗುಳು ನೊರೆಯ ಜೊತೆ ಬಳಬಳ ಬಂದು ಬಚ್ಚಲಿಗೆ ಬಿತ್ತು. ವಾಸನೆಗೆ ರೂಪ ಮೂಗು ಮುಚ್ಚಿಕೊಂಡಳು. ಮುನಿನಾರಾಯಣಮ್ಮ ಮಾತ್ರ ಆ ಅಗುಳುಗಳನ್ನೇ ನೋಡುತ್ತಾ ನಿಂತಳು. ಅವಳೇ ಪಕ್ಕದಲ್ಲಿ ನಿಂತು ತಿನ್ನಿಸಿದ್ದು.

ಹದಿನಾಲ್ಕನೇ ಸಲಕ್ಕೆ ನೀರು ತಿಳಿಯಾಯಿತು. ಹುಳಿ ಮುರಿಯುವ ಪುಡಿ ಕಲಸಿ ಒಳಗೆ ಹೊಯ್ದು, ಕತ್ತಿನ ನರಕ್ಕೆ ಬಾಟಲಿ ಏರಿಸಿ ಸುಮಿತಾ ಕೂತಳು.

"ಒಳಗೆ ಏನಾಗಿರ್ತದೆ ಡಾಕ್ಟರಮ್ಮ?"

"ಬೋಟಿ ತೊಳದೀರಲ್ರಿ ನೀವು? ಕುರಿದು? ಟವಲ್ ಇದ್ದಂಗ ಇರ್ತೈತಲ್ಲ, ಆಕಳ ಹೊಟ್ಟಿನೂ ಒಳಗ ಹಂಗ. ಹುಳಿ ಹೆಚ್ಚಾದ್ರ ಆ ಟವಲ್ ಸುಟ್ಟು ಪದರ ಪದರ ಕಿತ್ತು ಬರತೈತಿ. ದಿನಾ ಸ್ವಲ್ಪ ಸ್ವಲ್ಪ ಹಾಕಿದ್ರ ದಿನಾ ಸ್ವಲ್ಪ ಸುಡತೈತಿ. ಮದಿವಿ ಊಟ ಹಾಕಿದ್ರ ಒಮ್ಮಿಗೇ."

ಹಬ್ಬ ಹಬ್ಬಕ್ಕೂ ಬೋಟಿ ತೊಳೆದ ಕೈ ಅದು, ಆ ಟವಲ್ಲಿನ ನಯ ಅವಳಿಗೆ ಚೆನ್ನಾಗಿ ಗೊತ್ತು. ಆರು ವರ್ಷದ ಹಿಂದೆ ಸತ್ತ ಗೌರಿ, ಅದಕ್ಕೂ ಮೊದಲಿನ ಕೆಂದಿ, ಕಣ್ಣು ಬಿತ್ತು ಎಂದು ನಿವಾಳಿಸಿ ಹಾಕಿ ಮಣ್ಣು ಮಾಡಿದ ಎಲ್ಲ ಹಸುಗಳೂ ಒಂದೊಂದಾಗಿ ಕಣ್ಣ ಮುಂದೆ ಬಂದವು. ಅತ್ತುಬಿಟ್ಟಳು. ಸುಮಿತಾ ತಡೆಯಲಿಲ್ಲ. "ತಪ್ಪು ನಂದೂ ಐತ್ರಿ ಅವ್ವಾರ. ಕೇಳಿದೆ, ತಿಳಕೊಳ್ಳಿಲ್ಲ," ಎಂದಳು ಅಷ್ಟೇ.

ನಾಲ್ಕು ಗಂಟೆಯ ಹೊತ್ತಿಗೆ ಸುಮಿತಾ ಅವಳ ಮುಷ್ಟಿ ಹಿಡಿದು ಎಡಪಕ್ಕೆಯ ಗುಳಿಗೆ ಒತ್ತಿಸಿದಳು. ಇಬ್ಬರೂ ಉಸಿರು ಬಿಗಿಹಿಡಿದು ನಿಂತರು. ಬಹಳ ಹೊತ್ತಾದ ಮೇಲೆ ಒಳಗಿನಿಂದ ಏನೋ ನಿಧಾನವಾಗಿ ಉಬ್ಬಿ ಮುಷ್ಟಿಯನ್ನು ಆಚೆ ತಳ್ಳಿತು, ಹಾಗೇ ಇಳಿಯಿತು. ಪದ್ದಿ ಉಳಿಯುತ್ತದೆ, ಕರುವಿನ ಮಾತು ಒಂದು ವಾರ ಕಾಯದೆ ಹೇಳಲಾರೆ ಎಂದಳು ಸುಮಿತಾ. ಬೆಲ್ಟುಗಳನ್ನು ಗೋಣಿಚೀಲಕ್ಕೆ ತುಂಬಿಕೊಳ್ಳತೊಡಗಿದಳು.

"ಎಲ್ಲಿಗೆ?"

"ಊರವರು ಬ್ಯಾಡ ಅಂದ್ರಲ್ರಿ. ಮಾಡೂದೇನು?"

"ಅನ್ನದ ಇಸ್ಯ ಯಾರಿಗಾದ್ರೂ ಯೇಳಿದ್ಯಾ?"

"ನಾ ಯಾಕ ಹೇಳ್ಲಿ? ಅದು ನಿಮ್ ಮನಿ ಮಾತು."

ಅದೇ ಕುತ್ತಿಗೆಗೆ ಬಂದದ್ದು. ಹುಡುಗಿ ಜಗಳ ತೆಗೆದಿದ್ದರೆ ಸುಲಭವಾಗುತ್ತಿತ್ತು. ಈಗ ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಸ್ಕೂಟರು ಬಂಗಾರಪೇಟೆ ಸೇರುತ್ತದೆ, ಬೆಲ್ಟಿನ ಮೇಲೆ ಅಪವಾದ ಉಳಿಯುತ್ತದೆ, ಊರಿನಲ್ಲಿ ಮುನಿನಾರಾಯಣಮ್ಮ ಮುನಿನಾರಾಯಣಮ್ಮನಾಗಿಯೇ ಇರುತ್ತಾಳೆ. ಉಳಿದೆರಡು ಹಸುಗಳ ಹಾಲು ಕರೆದು, ಕ್ಯಾನು ಹಿಡಿದು, ಅವಳು ಡೈರಿಯ ಕಡೆ ನಡೆದಳು. ದಾರಿಯುದ್ದ ಇದೇ ಯೋಚನೆ.

ಡೈರಿಯ ಮುಂದೆ ಸಾಲು ನಿಂತಿತ್ತು. ಮುನಿಸ್ವಾಮಪ್ಪ ನಡುವೆ ನಿಂತು ಭಾಷಣ ಮಾಡುತ್ತಿದ್ದ. ಆ ಹುಡುಗಿಯನ್ನು ಊರೊಳಗೆ ಬಿಡಬಾರದು, ಡೈರಿಯಿಂದಲೇ ಕಾಗದ ಬರೆಯಬೇಕು ಎಂದ. ಕೋದಂಡಪ್ಪ ಪೆನ್ನು ತೆಗೆದುಕೊಂಡೂ ಇದ್ದ. "ಮುನಿನಾರಾಯಣಮ್ಮ, ನಿನ್ ಅಸೂನೇ ಆಳಾಗಿರಾದು. ನೀನೇ ಮೊದ್ಲು ಸೈನ್ ಆಕವ್ವ," ಎಂದು ಕಾಗದ ಮುಂದೆ ಚಾಚಿದ.

ಅವಳು ಕ್ಯಾನು ಕೆಳಗಿಟ್ಟಳು. ಕಾಗದವನ್ನು ಹಿಂದಕ್ಕೆ ತಳ್ಳಿದಳು.

"ಬೆಲ್ಟಲ್ಲ. ನಾನು."

"ಏನಂದೆ?"

"ಬೆಲ್ಟಿಂದಲ್ಲ, ನನ್ನಿಂದ ಅಂದೆ. ಕುಡಿತಿಗೆ ಎರಡು ಬಕೆಟ್ ಮದುವೆ ಅನ್ನ ಆಕಿ ನನ್ ಕೈಯಾರೆ ತಿನ್ಸಿದ್ದೀನಿ. ಅದು ಒಟ್ಟೇಲಿ ಉಳಿಯಾಗಿ ಒಳಗೆಲ್ಲ ಸುಟ್ಟೋಯ್ತು. ಆ ಮಗೂನೇ ಕೊಳವೆ ಆಕಿ ತೆಗೆದು ಉಳಿಸವಳೆ. ಬೆಳಿಗ್ಗೆ ಅವಳ್ನ ಬೀದೀಲಿ ಬೈದೆ, ಈಗ ನೀವೆಲ್ಲ ನನ್ನ ಬೈಯ್ರಿ."

ಕೋದಂಡಪ್ಪ ಪೆನ್ನಿನ ಮುಚ್ಚಳ ಹುಡುಕತೊಡಗಿದ. ಮುನಿಸ್ವಾಮಪ್ಪ ಚಪ್ಪಲಿ ನೋಡಿಕೊಂಡ. ಸಾಲಿನ ಕೊನೆಯಲ್ಲಿ ನಿಂತಿದ್ದವಳು ರಾಧ, ಹೋದ ವರ್ಷ ಮದುವೆಯಾಗಿ ಈ ಊರಿಗೆ ಬಂದ ಸೊಸೆ, ಒಂದೇ ಒಂದು ಹಸುವಿನವಳು. ಅವಳ ಮುಖ ಬಿಳುಚಿಕೊಂಡಿತ್ತು.

"ಅಕ್ಕಾ, ನಾನೂ ಒಂದು ಬಕೆಟ್ ತಂದಿದ್ದೆ. ಇಕ್ಬೋದಾ ಅಂತ ಕೇಳಿದ್ದಕ್ಕೆ 'ಇವತ್ತು ನೆನೆಯಾಕು, ನಾಳೆ ಸಂಜೆ ಇಕ್ಕು, ಉಳಿಯಾದ್ರೆ ಚೆನ್ನಾಗಿ ಕುಡೀತದೆ' ಅಂತ ನೀನೇ ಅಲ್ವಾ ಯೇಳಿದ್ದು? ಈಗ್ತಾನೆ ಬಾನಿಗೆ ಸುರಿದು ಬಂದೆ."

"ಊಂ ಕಣೇ, ನಾನೇ ಯೇಳಿದ್ದು. ತಪ್ಪು ಯೇಳ್ದೆ. ಓಡು!"

ರಾಧ ಕ್ಯಾನು ಅಲ್ಲೇ ಬಿಟ್ಟು ಓಡಿದಳು. ಮುನಿನಾರಾಯಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಡಾಕ್ಟರಮ್ಮನ್ನ ಕರೀರೋ ಯಾರಾದ್ರೂ!" ಎಂದು ಕೂಗುತ್ತಾ ಅವಳ ಹಿಂದೆಯೇ ಓಡಿದಳು.